ಸೂಜಿ ಅಕ್ಕನ ಇಪ್ಪತ್ಮೂರನೆಯ ವಿಡಿಯೊ

"ನಿಲ್ಸಿ. ಅಲ್ಲೇ ನಿಲ್ಸಿ."

ನಾನು ನಿಲ್ಲಿಸಿದೆ. ಹತ್ತೊಂಬತ್ತನೆಯ ಸೆಕೆಂಡು. ಪರದೆಯ ಮೇಲೆ ಸೂಜಿ ಅಕ್ಕ ನೂಲನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ ಕಡಿಯುತ್ತಿದ್ದಳು.

ಹಲ್ಲುಮೇಷ್ಟ್ರು ಮೇಣ ಕೆರೆಯುವ ಚಾಕುವನ್ನು ಕೆಳಗಿಟ್ಟರು. ಕನ್ನಡಕವನ್ನು ಹಣೆಗೇರಿಸಿ ಫೋನಿನ ಹತ್ತಿರ ಬಂದರು. ಇಪ್ಪತ್ತಾರು ದಿನದಿಂದ ಕಾಣದ ಹೆಂಡತಿ ಎದುರಿಗಿದ್ದರೂ ಅವರು ನೋಡಿದ್ದು ಮುಖವನ್ನಲ್ಲ, ಬಾಯನ್ನು.

"ಈ ಹಲ್ಲು ಈಗ ಅವಳ ಬಾಯಲ್ಲಿಲ್ಲ" ಎಂದರು.

ಧ್ವನಿಯಲ್ಲಿ ಏರಿಳಿತವಿರಲಿಲ್ಲ. ಡಾಕ್ಟರರಿಗೆ ಫೋನಿನಲ್ಲಿ 'ಸೋಮವಾರ ರೆಡಿ ಇರತ್ತೆ' ಎನ್ನುವಾಗಲೂ ಅವರದು ಇದೇ ಧ್ವನಿ.

ಮೊದಲ ಸಲ ಓದುವವರಿಗೆ ಇಷ್ಟು ಸಾಕು: ಹರಿದ ಜಾಗಕ್ಕೆ ನೂಲು ನೇಯ್ದು ರಫು ಮಾಡಿದ ಶಾಲೊಂದನ್ನು ಗಿರಾಕಿಗೆ ತಲುಪಿಸಲು ಹೋದ ಸೂಜಿ ಅಕ್ಕ ವಾಪಸ್ ಬಂದಿಲ್ಲ, ನಾಲ್ಕನೆಯ ದಿನದಿಂದ, ಹೊಲಿಗೆ ತೋರಿಸಲು ಅವಳು ಇಂಟರ್ನೆಟ್ಟಿನಲ್ಲಿ ತೆರೆದ ಪುಟದಲ್ಲಿ ದಿನಕ್ಕೊಂದು ವಿಡಿಯೊ ಬರುತ್ತಿದೆ, ಅದನ್ನು ನೋಡಿ ಪೊಲೀಸರು ಒಂಬತ್ತನೆಯ ದಿನ ಫೈಲು ಮುಚ್ಚಿದ್ದಾರೆ.

ವಿಡಿಯೊದಲ್ಲಿ ಅವಳು ಹೇಳುವುದು ಮೂರೇ ಮಾತು. "ನಾನು ಚೆನ್ನಾಗಿದ್ದೀನಿ. ಸ್ವಲ್ಪ ದಿನ ವಿಶ್ರಾಂತಿ. ಯಾರೂ ಗಾಬರಿ ಆಗಬೇಡಿ." ಆಮೇಲೆ ನೂಲು ಕಡಿದು, ಹರಿದ ಬಟ್ಟೆಯ ಮೇಲೆ ನಾಲ್ಕು ಹೊಲಿಗೆ ಹಾಕಿ ತೋರಿಸುತ್ತಾಳೆ. ವಯಸ್ಸಿಗೆ ಬಂದ ಹೆಂಗಸು ತನ್ನಿಷ್ಟದಿಂದ ಎಲ್ಲೋ ಇದ್ದಾಳೆ, ನಮಗೇನು ಕೆಲಸ ಎಂದು ಇನ್‌ಸ್ಪೆಕ್ಟರು ಕೈತೊಳೆದುಕೊಂಡಿದ್ದಾರೆ.

ಈ ವಿಡಿಯೊಗಳಲ್ಲಿ ಒಂದನ್ನೂ ಗಂಡ ನೋಡಿರಲಿಲ್ಲ ಎಂಬುದು ನನಗೆ ಗೊತ್ತಾಗಿದ್ದು ಇವತ್ತು. ಯಾಕೆ ಎಂದು ಕೇಳಿದ್ದಕ್ಕೆ, "ನೋಡಿದ್ರೆ ಬಂದ್ಬಿಡ್ತಾಳಾ?" ಎಂದಿದ್ದರು. ಅದಕ್ಕೇ ನಾನು ಹಟ ಹಿಡಿದು, ಅವರ ಕೆಲಸದ ಮೇಜಿನ ಮೇಲೆ, ಯಾರದೋ ಅರ್ಧ ದವಡೆಗೆ ಒರಗಿಸಿ, ನನ್ನ ಫೋನಿಟ್ಟು ಮೊದಲನೆಯದನ್ನು ಹಚ್ಚಿದ್ದೆ.

"ಇಲ್ಲ ಅಂದ್ರೇನು? ಕಣ್ಣಿಗೆ ಕಾಣ್ತಾ ಇದೆಯಲ್ಲ."

ಮೇಷ್ಟ್ರು ಎದ್ದರು. ಅವರು ಹಲ್ಲು ಕಿತ್ತವರಲ್ಲ, ಕಟ್ಟಿದವರು. ಊರಿನ ಅರ್ಧ ದಂತವೈದ್ಯರು ಬಾಯಿಯ ಅಚ್ಚು ತೆಗೆದು ಇಲ್ಲಿಗೆ ಕಳಿಸುತ್ತಾರೆ. ಈ ಎರಡನೆಯ ಮಹಡಿಯ ಕೋಣೆಯಲ್ಲಿ ಕ್ಯಾಪು, ಹಲ್ಲಿನ ಸೆಟ್ಟು ತಯಾರಾಗುತ್ತವೆ. ಮೂವತ್ತು ವರ್ಷದ ಕೆಲಸ. ಎದುರಿಗೆ ಬಂದವರ ಹೆಸರು ಮರೆತಾರು, ಹಲ್ಲು ಮರೆಯುವವರಲ್ಲ. ನಾನು ಮೊದಲ ದಿನ ಬಂದಾಗ ನಮಸ್ಕಾರಕ್ಕೂ ಮುಂಚೆ, "ಬಲಗಡೆ ಮೇಲಿಂದು ಯಾರು ಹಾಕಿದ್ದು? ಎತ್ತರ ಆಗಿದೆ" ಎಂದಿದ್ದರು. ಎತ್ತರವೇ ಆಗಿತ್ತು. ಹನ್ನೊಂದು ವರ್ಷದಿಂದ ನಾನು ಆ ಕಡೆ ಅಗಿಯುವುದಿಲ್ಲ.

ಕಪಾಟಿನಿಂದ ಪ್ಲಾಸ್ಟರಿನ ಅಚ್ಚೊಂದನ್ನು ತಂದು ನನ್ನ ಅಂಗೈಯಲ್ಲಿಟ್ಟರು.

"ಇದು ಅವಳ ಬಾಯಿ."

ಮೇಲಿನ ಸಾಲು. ಎಲ್ಲ ಹಲ್ಲೂ ಸರಿಯಿದ್ದವು, ಎಡಗಡೆಯ ಮುಂದಿನದೊಂದನ್ನು ಬಿಟ್ಟು. ಅದರ ಜಾಗದಲ್ಲಿ ಸಣ್ಣ ಗೂಟ. ನಾಲ್ಕೂ ಕಡೆ ತೇಯ್ದು ಮೊನಚು ಮಾಡಿದ್ದು.

"ಇಪ್ಪತ್ತು ವರ್ಷ ನೂಲು ಕಡಿದೂ ಕಡಿದೂ ಆ ಹಲ್ಲಿನ ತುದೀಲಿ ಕಚ್ಚು ಬಿದ್ದಿತ್ತು. ಕತ್ತರಿ ಇದೆ ಕಣೇ ಅಂದ್ರೆ ಕೇಳ್ತಿರ್ಲಿಲ್ಲ. ಕೊನೇಗೆ ಒಪ್ಪಿದ್ಲು. ಡಾಕ್ಟರು ಹಲ್ಲು ಸವೆಸಿದ್ರು, ನಾನು ಕ್ಯಾಪ್ ಮಾಡ್ದೆ. ಹೋಗೋಕೆ ಇಪ್ಪತ್ತು ದಿನ ಮುಂಚೆ."

ಪರದೆಯಲ್ಲಿ ನೂಲು ಕಚ್ಚಿದ ಹಲ್ಲಿನ ತುದಿಯಲ್ಲಿ ಕಚ್ಚು ಸ್ಪಷ್ಟವಾಗಿತ್ತು. ಈ ಹಲ್ಲು ಸವೆದು ಗೂಟವಾಗಿ ಒಂದೂವರೆ ತಿಂಗಳಾಗಿದೆ. ವಿಡಿಯೊದ ತಾರೀಖು ಇಪ್ಪತ್ತೆರಡು ದಿನದ ಹಿಂದಿನದು.

"ಕ್ಯಾಪ್ ವಿಷಯ ಯಾರ್ಯಾರಿಗೆ ಗೊತ್ತು?"

"ನಂಗೆ, ಅವಳಿಗೆ, ಡಾಕ್ಟರಿಗೆ. ಯಾರಿಗೂ ಹೇಳ್ಬೇಡಿ ಅಂದಿದ್ಲು. ಒಂದು ತಿಂಗಳು ತಾತ್ಕಾಲಿಕ ಅಂಟು ಹಾಕಿ ನೋಡೋದು, ಬಣ್ಣ, ಎತ್ತರ ಎಲ್ಲ ಒಗ್ಗಿದ್ಮೇಲೆ ಭದ್ರ ಮಾಡೋದು. ಅಲ್ಲೀವರೆಗೂ ಪುಟದಲ್ಲಿ ಮುಖ ತೋರಿಸಲ್ಲ, ಕೈ ಮಾತ್ರ ತೋರಿಸ್ತೀನಿ ಅಂದ್ಲು. ನಗೋವಾಗ ಬಾಯಿಗೆ ಕೈ ಅಡ್ಡ ಇಡೋ ಅಭ್ಯಾಸ ಹೇಗೂ ಇತ್ತು."

"ತಾತ್ಕಾಲಿಕ ಅಂಟು ಅಂದ್ರೆ ಕಿತ್ಕೊಂಡು ಬರುತ್ತಾ?"

"ಉಗುರು ಕೊಟ್ಟು ಎಳೆದ್ರೆ ಬರುತ್ತೆ."

ಅಷ್ಟು ಹೇಳಿ ಮತ್ತೆ ಚಾಕು ಹಿಡಿದು ಮೇಣ ಕೆರೆಯತೊಡಗಿದರು. ಅಳಲಿಲ್ಲ, ಮೇಜು ಗುದ್ದಲಿಲ್ಲ. ಇಂಥ ಗಂಡಂದಿರನ್ನು ನಾನು ಬಹಳ ನೋಡಿದ್ದೇನೆ. ವಿಮಾ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ನನ್ನ ಕೆಲಸ ಸಣ್ಣಕ್ಷರಗಳನ್ನು ಓದಿ, ಸತ್ತವರ ಮನೆಯವರಿಗೆ 'ನಿಮಗೆ ಬರುವುದಿಲ್ಲ' ಎಂದು ಹೇಳುವುದಾಗಿತ್ತು. ಹೇಳಿ ಹೇಳಿ ನನ್ನೊಳಗೂ ಏನೋ ಜೋಮು ಹಿಡಿದು ಕೂತಿದೆ. ನಿವೃತ್ತಿಯ ನಂತರ ಪತ್ತೇದಾರಿಕೆಗೆ ಇಳಿದರೆ ಬಿಟ್ಟೀತು ಅಂದುಕೊಂಡಿದ್ದೆ, ಬಿಟ್ಟಿಲ್ಲ.

"ಮಿಕ್ಕಿದ್ದೂ ನೋಡ್ಬೇಕಾ?" ಮೇಷ್ಟ್ರು ತಲೆ ಎತ್ತದೆ ಕೇಳಿದರು.

"ಬೇಡ. ಎಲ್ಲ ಒಂದೇ ಥರ. ಒಂದು ಸಾಕು" ಎಂದೆ.

ಕಚೇರಿಯ ಅಭ್ಯಾಸ. ಕಟ್ಟಿನಲ್ಲಿ ಒಂದು ಕಾಗದ ನೋಡಿ ಇಡೀ ಕಟ್ಟಿಗೆ ಮುದ್ರೆ ಒತ್ತುತ್ತಿದ್ದೆವು. ಆ ಮನುಷ್ಯನ ಮೇಲೆ ಕನಿಕರವೂ ಇತ್ತು ಎಂದು ನನ್ನ ಪರವಾಗಿ ಬೇಕಾದರೆ ಸೇರಿಸಿಕೊಳ್ಳಬಹುದು.

* * *

ಇನ್‌ಸ್ಪೆಕ್ಟರು ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡರು. ಒಳ್ಳೆಯ ಮನುಷ್ಯ, ಸೋಮಾರಿ.

"ಹಲ್ಲಿನ ಮಾತು ಕಟ್ಕೊಂಡು ಫೈಲ್ ತೆಗೆಯೋಕಾಗುತ್ತಾ ಮೇಡಂ? ಹಳೇ ವಿಡಿಯೊ ಆಕೇನೇ ಕೂತು ಹಾಕ್ತಾ ಇರ್ಬಹುದಲ್ಲ?"

"ಆಕೆ ಅಲ್ಲ, ಪುಟ ನಡೆಸೋ ಕಂಪನೀದು ಮಷೀನು ಮಾಡಿದ್ದು ಅಂತ ತೋರಿಸಿದ್ರೆ?"

"ಕಂಪನಿಯವರೇ ಬರೆದು ಕೊಡ್ಲಿ. ಮುಂದಿನ ಗಂಟೇಲೇ ಫೈಲ್ ತೆಗೀತೀನಿ. ಅವಳಿಗೆ ಬಂದಿರೋ ಮೆಸೇಜೂ ತರಿಸ್ತೀನಿ, ಆ ಶಾಲಿನ ಗಿರಾಕಿ ಯಾರು ಅಂತಾನೂ ಗೊತ್ತಾಗುತ್ತೆ. ಹಲ್ಲು ಗಿಲ್ಲು ನನಗೆ ಬೇಡಿ."

ಮಾತಿನಲ್ಲಿ ನ್ಯಾಯವಿತ್ತು. ಗಿರಾಕಿ ಪುಟದ ಮೂಲಕವೇ ಬಂದವನು. ಅವನ ವಿಳಾಸ ಆ ಸಂದೇಶಗಳಲ್ಲಿ ಮಾತ್ರ ಇತ್ತು. ಫೈಲು ತೆರೆದರೆ ಮಾತ್ರ ಕಂಪನಿ ಅವನ್ನು ಪೊಲೀಸರಿಗೆ ಕೊಡುತ್ತದೆ. ಫೈಲು ತೆರೆಯಬೇಕಾದರೆ ವಿಡಿಯೊ ಸುಳ್ಳೆಂದು ಅದೇ ಕಂಪನಿ ಹೇಳಬೇಕು.

ನಾನು ಚೀಲದಿಂದ ಕಾಗದದ ಕಟ್ಟು ತೆಗೆದೆ. ಆ ಪುಟ ನಡೆಸುವ ಕಂಪನಿಯ ಷರತ್ತುಗಳು, ಎಂಬತ್ತನಾಲ್ಕು ಹಾಳೆ. ಝೆರಾಕ್ಸ್ ಅಂಗಡಿಯವನು "ಆಸ್ತಿ ಪತ್ರಾನಾ ಮೇಡಂ?" ಎಂದು ಕೇಳಿದ್ದ. ಒಂದು ರೀತಿಯಲ್ಲಿ ಹೌದು ಎಂದಿದ್ದೆ. ಎರಡು ಬೆಳಿಗ್ಗೆ ಗ್ರಂಥಾಲಯದಲ್ಲಿ ಕೂತು ಓದಿ ಮುಗಿಸಿದ್ದೇನೆ. ನನ್ನನ್ನು ಬಿಟ್ಟು ಭೂಮಿಯ ಮೇಲೆ ಇದನ್ನು ಪೂರ್ತಿ ಓದಿದವರು, ಬರೆದ ವಕೀಲನೂ ಸೇರಿ, ಯಾರಾದರೂ ಇದ್ದಾರೆಯೇ ಎಂಬ ಅನುಮಾನ ನನಗಿದೆ.

ನನಗೆ ಅಲ್ಲಿ ಖಾತೆ ಇಲ್ಲ. ಅಲ್ಲೇನು, ಎಲ್ಲೂ ಇಲ್ಲ. ಖಾತೆ ಇಲ್ಲದೆಯೂ ನೋಡಬಹುದು. ಮಾತಾಡಬೇಕಾದರೆ ಮಾತ್ರ ಬರೆದುಕೊಡಬೇಕು. ಏನನ್ನು ಬರೆದುಕೊಡಬೇಕು ಎಂದು ಗೊತ್ತಿದ್ದವಳಾದ್ದರಿಂದ ನಾನು ಇಷ್ಟು ವರ್ಷ ಸುಮ್ಮನೆ ನೋಡುತ್ತ ಬಂದಿದ್ದೇನೆ. ಇದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಮೂವತ್ತೇಳನೆಯ ಹಾಳೆಗೆ ಮಡಿಕೆ ಹಾಕಿದ್ದೆ. ಮೇಷ್ಟ್ರಿಗೆ ಓದಿ ಹೇಳಿದೆ: ಖಾತೆದಾರರು ಎಪ್ಪತ್ತೆರಡು ಗಂಟೆ ಕಾಣಿಸದಿದ್ದಲ್ಲಿ, ಹತ್ತಿರದ ಸಂಬಂಧಿಯೊಬ್ಬರು ಒಪ್ಪಿದರೆ, ಅವರ ಮುಖ, ಧ್ವನಿ ಮತ್ತು ಹಿಂದಿನ ಮಾತುಗಳನ್ನು ಬಳಸಿ ಕಂಪನಿಯು ಪುಟವನ್ನು ನಡೆಸಬಹುದು.

"ಮೂರು ವರ್ಷದ ಹಿಂದೆ ಪಿತ್ತಕೋಶದ ಆಪರೇಷನ್ ಆದಾಗ ಅವರು ಒಂದು ವಿಡಿಯೊ ಹಾಕಿದ್ರು. ಚೆನ್ನಾಗಿದ್ದೀನಿ, ಸ್ವಲ್ಪ ದಿನ ವಿಶ್ರಾಂತಿ, ಗಾಬರಿ ಆಗಬೇಡಿ. ಆ ಮಾತನ್ನೇ ಮಷೀನು ಎತ್ಕೊಂಡಿದೆ."

"ಇದಕ್ಕೆಲ್ಲ ಅವಳು ಹೂಂ ಅಂದಿದ್ಲಾ?"

"ಆರು ವರ್ಷದ ಹಿಂದೆ. ಖಾತೆ ತೆಗೆದ ದಿನ. ಆದ್ರೆ ಅವರದ್ದು ಅರ್ಧ ಹೂಂ. ಮಿಕ್ಕರ್ಧ ಹೂಂ ಅಂದಿರೋ ಸಂಬಂಧಿ ಯಾರೋ ಇದಾರೆ."

ಆಗಲೇ ಬಾಗಿಲು ತಟ್ಟಿದ ಸದ್ದಾಯಿತು. ಸಂಬಂಧಿ ಬಂದಳು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಮೂರು ಗಂಟೆಗೆ ಬಾ ಎಂದು ಹೇಳಿ ಕಳಿಸಿದ್ದೂ ನಾನೇ.

* * *

ಸೂಜಿ ಅಕ್ಕನ ತಂಗಿ ಪುಟದ ಸಹಾಯಕಿ. ಪುಟ ನೋಡುವ ಹನ್ನೊಂದು ಸಾವಿರ ಜನಕ್ಕೆ ಸೂಜಿ, ನೂಲಿನ ಪೊಟ್ಟಣಗಳನ್ನು ಕಟ್ಟಿ ಕಳಿಸುವವಳು ಅವಳೇ. ಭುಜಕ್ಕೊಂದು, ಕೈಗೊಂದು ಚೀಲ ಹಾಕಿಕೊಂಡೇ ಒಳಗೆ ಬಂದಳು. ಮೂವತ್ತೈದರ ಆಸುಪಾಸು, ಬೆರಳ ತುದಿಗೆಲ್ಲ ಅಂಟುಪಟ್ಟಿಯ ಚೂರು.

"ಬೇಗ ಹೇಳಿ ಆಂಟಿ, ಐದಕ್ಕೆ ಪಾರ್ಸಲ್ ಕೊಡ್ಬೇಕು."

"ಅಕ್ಕ ಇಲ್ದೆ ಇದ್ರೂ ಪಾರ್ಸಲ್ ನಿಂತಿಲ್ವಾ?"

"ಎಲ್ಲಿ ನಿಲ್ಲುತ್ತೆ? ದಿನಾ ವಿಡಿಯೊ ಬರ್ತಿದೆ, ಆರ್ಡರ್ ಬರ್ತಿದೆ. ನಿನ್ನೆಯಂತೂ ಎರಡು ವಿಡಿಯೊ. ಅಕ್ಕ ಯಾಕೆ ಸುಸ್ತಾಗಿದ್ದೀರ ಅಂತ ಜನ ಬೇರೆ ಕೇಳ್ತಿದಾರೆ. ನಾನು ನೋಡೋದು ಬಿಟ್ಟು ವಾರ ಆಯ್ತು. ಅದನ್ನ ನೋಡಿದ್ರೆ ಕೈ ಓಡಲ್ಲ."

ಪ್ಲಾಸ್ಟರಿನ ಅಚ್ಚು ಅವಳ ಕಣ್ಣಿಗೆ ಬಿತ್ತು. ಎತ್ತಿಕೊಂಡು ತಿರುಗಿಸಿ ನೋಡಿದಳು.

"ಯಾರದ್ದು ಭಾವ?"

"ನಿನ್ನಕ್ಕಂದು. ಮುಂದಿನ ಹಲ್ಲಿಗೆ ಕ್ಯಾಪ್ ಹಾಕಿಸಿದ್ವಿ."

"ಹಲ್ಲು ಸರಿ ಮಾಡಿಸಿದ್ಲಾ? ನಂಗೆ ಹೇಳೇ ಇಲ್ವಲ್ಲ." ಮುಖ ಸಪ್ಪೆಯಾಯಿತು. "ಉಗುರು ಮುರಿದ್ರೂ ಮೊದಲು ನಂಗೆ ಹೇಳೋಳು."

ನಾನು ಸುತ್ತಿ ಬಳಸಲಿಲ್ಲ. ಮೂವತ್ತೇಳನೆಯ ಹಾಳೆಯನ್ನು ಅವಳ ಮುಂದಿಟ್ಟೆ.

"ಅಕ್ಕ ಕಾಣೆಯಾದ ಮೂರನೇ ದಿನ ಯಾರೋ ಸಂಬಂಧಿ ಒಪ್ಪಿಗೆ ಕೊಟ್ಟಿದಾರೆ. ಆ ಒಪ್ಪಿಗೆಯಿಂದ ವಿಡಿಯೊ ಶುರುವಾಯ್ತು. ವಿಡಿಯೊದಿಂದ ಪೊಲೀಸು ಹುಡುಕೋದು ನಿಲ್ಲಿಸಿದ್ರು. ನೀನೇ ತಾನೆ ಒತ್ತಿದ್ದು?"

ಅವಳು ಹಾಳೆ ನೋಡಲಿಲ್ಲ. ಭಾವನನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ, ಮೇಷ್ಟ್ರ ಕೈಯ ಚಾಕು ತಾನಾಗಿಯೇ ನಿಂತಿತು.

"ಹೇಳ್ಲಾ ಭಾವ?"

"ಏನು?"

"ಹದಿನೆಂಟು ದಿನದಿಂದ ಬಾಯಿಗೆ ಬೀಗ ಹಾಕ್ಕೊಂಡಿದ್ದೀನಿ. ನೀವಾಗೇ ಹೇಳ್ತೀರೇನೋ ಅಂತ ಕಾದೆ."

ತನ್ನ ಫೋನು ತೆಗೆದು ಒಂದು ನೋಟಿಸು ತೋರಿಸಿದಳು. ಪುಟದ ಸಹಾಯಕಿಗೆ ಕಂಪನಿ ಎಂಟನೆಯ ದಿನ ಕಳಿಸಿದ್ದು. ಒಪ್ಪಿಗೆ ನೀಡಿದವರು: ಗಂಡ. ಸಮಯ: ಮೂರನೆಯ ದಿನ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ.



"ಪೊಲೀಸು ಹುಡುಕ್ಬಾರ್ದು ಅಂತ ಮಾಡಿದ್ರಾ?" ತಂಗಿ ಕೇಳಿದಳು. "ನೇರವಾಗಿ ಹೇಳ್ಬಿಡಿ. ಅಕ್ಕನ್ನ ಏನು ಮಾಡಿದ್ರಿ?"

ಮೇಷ್ಟ್ರು ನೋಟಿಸನ್ನು ಎರಡು ಸಲ ಓದಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಸುಳ್ಳು ಹೇಳುವ ಗಂಡಂದಿರ ಮುಖ ನನಗೆ ಚೆನ್ನಾಗಿ ಗೊತ್ತು. ಆ ಮುಖದಲ್ಲಿ ಓದಲು ಏನೂ ಇರಲಿಲ್ಲ.

"ಒತ್ತಿದೆ" ಎಂದರು.

"ಏನಂತ ಒತ್ತಿದ್ರಿ?"

"ಆ ಗಿರಾಕಿ ಯಾರು ಅಂತ ನೋಡೋಣ ಅಂತ ಅವಳ ಪುಟದ ಒಳಗೆ ಹೋಗೋಕೆ ನೋಡ್ದೆ. ಬಿಡ್ಲಿಲ್ಲ. ನೀವು ಇವರಿಗೆ ಏನಾಗಬೇಕು ಅಂತ ಕೇಳ್ತು. ಗಂಡ ಅಂತ ಹಾಕ್ದೆ. ಉದ್ದಕ್ಕೆ ಏನೇನೋ ಬಂತು. ಕೆಳಗೆ 'ಒಪ್ಪಿದ್ದೇನೆ' ಅಂತ ಇತ್ತು."

"ಓದ್ಲಿಲ್ವಾ?"

"ಅವಳ್ನ ಹುಡುಕ್ತಾ ಇದ್ದೆ ಮೇಡಂ. ಓದ್ತಾ ಕೂತಿರ್ಲಾ?"

"ಆಮೇಲೆ? ಒಳಗೆ ಬಿಡ್ತಾ?"

"ಇಲ್ಲ. ಧನ್ಯವಾದ ಅಂತ ಬಂತು. ಅಷ್ಟೆ."

ತಂಗಿ ಕೈಯಲ್ಲಿದ್ದ ಚೀಲ ಆಗ ಕೆಳಗಿಟ್ಟಳು. ಇವನೇ ಕೊಂದಿದ್ದಾನೆ ಎಂದು ಅವಳು ಹದಿನೆಂಟು ದಿನ ಅಂದುಕೊಂಡಿದ್ದ ಮನುಷ್ಯ, ಹೆಂಡತಿಯನ್ನು ಹುಡುಕಲು ಹೋಗಿ ಹುಡುಕಾಟವನ್ನೇ ನಿಲ್ಲಿಸಿದ್ದ. ಇಬ್ಬರಲ್ಲಿ ಯಾರನ್ನು ಸಮಾಧಾನ ಮಾಡಬೇಕೆಂದು ನನಗೆ ತಿಳಿಯಲಿಲ್ಲ. ತಿಳಿದಿದ್ದರೂ ಸಮಾಧಾನ ಮಾಡುವ ಕಲೆ ನನಗೆ ಯಾವತ್ತೂ ಬಂದಿಲ್ಲ.

"ಹಂಗಾದ್ರೆ ನಾನೇ" ಎಂದರು ಮೇಷ್ಟ್ರು. ಗೋಡೆಯ ಕ್ಯಾಲೆಂಡರನ್ನು ನೋಡಿದರು. "ಹದಿನೇಳು ದಿನ ಫೈಲು ಮುಚ್ಚಿರೋದು ನನ್ನಿಂದ."



* * *

ದಾರಿ ಇದ್ದದ್ದು ಎಪ್ಪತ್ತೊಂಬತ್ತನೆಯ ಹಾಳೆಯಲ್ಲಿ. ಒಪ್ಪಿಗೆ ಕೊಟ್ಟವನು ಅದನ್ನು ಹಿಂತೆಗೆದುಕೊಳ್ಳಬಹುದು. ಹಾಗೆ ಮಾಡಿದವನಿಗೆ, ಅವನಿಗೆ ಮಾತ್ರ, ಯಂತ್ರ ತಯಾರಿಸಿದ ವಿಡಿಯೊಗಳು ಯಾವುವು ಎಂದು ಕಂಪನಿ ಪತ್ರ ಕೊಡುತ್ತದೆ. ಇನ್‌ಸ್ಪೆಕ್ಟರು ಕೇಳಿದ್ದು ಅದನ್ನೇ.

"ಬದಲಿಗೆ ಏನು ಕಿತ್ಕೊಳ್ತಾರೆ?" ತಂಗಿ ಕೇಳಿದಳು. ಚುರುಕಿನವಳು.

"ಪುಟ ಅರವತ್ತು ನಿಮಿಷದಲ್ಲಿ ಮುಚ್ಚುತ್ತೆ. ಹಳೇದು, ಹೊಸದು, ಎಲ್ಲ ವಿಡಿಯೊನೂ ಅಳಿಸಿ ಹೋಗುತ್ತೆ. ಆ ಹೆಸರಲ್ಲಿ ಮತ್ತೆ ಯಾರೂ ಒಳಗೆ ಬರೋಹಾಗಿಲ್ಲ, ಖಾತೆದಾರರೂ. ಸಂದೇಶ ಮಾತ್ರ ಪೊಲೀಸರಿಗೋಸ್ಕರ ಒಂದು ತಿಂಗಳು ಇಟ್ಟಿರ್ತಾರೆ."

"ಆರು ವರ್ಷದ ಕೆಲಸ ಆಂಟಿ! ನಾನೂರು ವಿಡಿಯೊ. ಅಕ್ಕ ಮಾತಾಡಿರೋದು, ನಕ್ಕಿರೋದು. ನಾಳೆ ಅವಳು… ಅವಳು ಬರ್ಲಿಲ್ಲ ಅಂದ್ರೆ ನಮ್ಮತ್ರ ಇರೋದು ಅಷ್ಟೇ ಅಲ್ವಾ?"

"ಬರಬೇಕು ಅಂದ್ರೆ ಫೈಲು ತೆಗೀಬೇಕು."

"ಬೇರೆ ದಾರಿ ಇಲ್ವಾ?"

"ಎಂಬತ್ತನಾಲ್ಕು ಹಾಳೆ ಓದಿದ್ದೀನಮ್ಮ. ಇಲ್ಲ."

ಅಷ್ಟು ಖಡಾಖಂಡಿತವಾಗಿ ಹೇಳಿದ್ದು ನಾನೇ. ಮೇಷ್ಟ್ರು ತಮ್ಮ ಫೋನನ್ನು ನನ್ನ ಕಡೆ ಚಾಚಿ, ಎಲ್ಲಿ ಎಂದು ಕೇಳಿದರು. ನಾನು ಬೆರಳಿಟ್ಟು ತೋರಿಸಿದೆ. ಈ ಸಲ ಅವರು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. ಆಮೇಲೆ ಒತ್ತಿದರು.

ಪರದೆಯ ಮೇಲೆ ಅರವತ್ತು ಎಂದು ಬಂತು. ನೋಡುತ್ತಿದ್ದಂತೆ ಐವತ್ತೊಂಬತ್ತಾಯಿತು. ಅವರ ಫೋನಿನಲ್ಲೂ ತಂಗಿಯ ಫೋನಿನಲ್ಲೂ ಪುಟ ಬೂದುಬಣ್ಣಕ್ಕೆ ತಿರುಗಿತು. ಸಂಬಂಧಿ ಮತ್ತು ಸಹಾಯಕರ ಖಾತೆಗಳನ್ನು ಸ್ತಬ್ಧಗೊಳಿಸಲಾಗಿದೆ ಎಂದು ಒಂದು ಸಾಲು. ನನ್ನ ಫೋನಿನಲ್ಲಿ, ಖಾತೆಯೇ ಇಲ್ಲದವಳ ಫೋನಿನಲ್ಲಿ, ಪುಟ ಎಂದಿನಂತೆ ಕಾಣುತ್ತಿತ್ತು.

ಪತ್ರಕ್ಕಾಗಿ ಕಾದೆವು. ತಂಗಿ ಚೀಲದಿಂದ ಪೊಟ್ಟಣ ತೆಗೆದು ಅಂಟುಪಟ್ಟಿ ಹಚ್ಚತೊಡಗಿದಳು. ಮೇಷ್ಟ್ರು ಯಾರದೋ ಬಾಚಿಹಲ್ಲನ್ನು ಬೆಳಕಿಗೆ ಹಿಡಿದು ಬಣ್ಣ ನೋಡುತ್ತಿದ್ದರು. ಮೂವರೂ ಕೆಲಸದಲ್ಲಿದ್ದಂತೆ ಇದ್ದೆವು. ನಾನು ಆ ಪ್ಲಾಸ್ಟರಿನ ಗೂಟವನ್ನು ಹೆಬ್ಬೆರಳಿನಿಂದ ಸವರುತ್ತಿದ್ದೆ.

ಹತ್ತೊಂಬತ್ತನೆಯ ನಿಮಿಷಕ್ಕೆ ಪತ್ರ ಬಂತು. ಮೇಷ್ಟ್ರು ನನಗೇ ಕೊಟ್ಟರು.

'ಒಪ್ಪಿಗೆಯ ಅವಧಿಯಲ್ಲಿ ಯಂತ್ರದಿಂದ ತಯಾರಾದ ವಿಡಿಯೊಗಳ ಸಂಖ್ಯೆ: ಇಪ್ಪತ್ತೆರಡು.' ಕೆಳಗೆ ಒಂದೊಂದರ ತಾರೀಖು, ಸಮಯ. ಎಲ್ಲವೂ ಸಂಜೆ ಆರಕ್ಕೆ.

"ಸಾಕಾ?" ತಂಗಿ ಕೇಳಿದಳು.

ಸಾಕು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಬಂದಾಗ ಆಡಿದ ಮಾತು ನೆನಪಾಯಿತು. ನಿನ್ನೆಯಂತೂ ಎರಡು ವಿಡಿಯೊ.

ಪುಟವನ್ನು ಮೇಲಿನಿಂದ ಎಣಿಸಿದೆ. ನಾಲ್ಕನೆಯ ದಿನದಿಂದ ನಿನ್ನೆಯವರೆಗೆ ಇಪ್ಪತ್ಮೂರು. ಮತ್ತೆ ಎಣಿಸಿದೆ. ಇಪ್ಪತ್ಮೂರೇ. ನಿನ್ನೆ ಸಂಜೆ ಆರಕ್ಕೆ ಒಂದು. ನಿನ್ನೆ ಮಧ್ಯಾಹ್ನ ಒಂದೂಕಾಲಕ್ಕೆ ಇನ್ನೊಂದು. ಪತ್ರದಲ್ಲಿ ಒಂದೂಕಾಲು ಇರಲಿಲ್ಲ.

ಒಂದೂಕಾಲಿನ ವಿಡಿಯೊವನ್ನು ಹಚ್ಚಿದೆ.

"ಮೇಷ್ಟ್ರೇ, ಇಲ್ಲಿ ಬನ್ನಿ."

ಅದೇ ಮಾತು. ನಾನು ಚೆನ್ನಾಗಿದ್ದೀನಿ. ಸ್ವಲ್ಪ ದಿನ ವಿಶ್ರಾಂತಿ. ಯಾರೂ ಗಾಬರಿ ಆಗಬೇಡಿ. ಹಿಂದೆ ಗೋಡೆ ಕಾಣದಂತೆ ಬಟ್ಟೆ ಇಳಿಬಿಟ್ಟಿತ್ತು. ಕೆನ್ನೆ ಇಳಿದಿತ್ತು. ನೂಲು ಎತ್ತಿಕೊಂಡಳು. ಬಾಯಿಗೆ ತಂದಳು. ಕಚ್ಚುವ ಮುಂಚೆ, ಏನೋ ನೆನಪಾದವಳಂತೆ, ಮೇಲಿನ ತುಟಿಯನ್ನು ಎತ್ತಿ ಒಂದು ಕ್ಷಣ ಹಾಗೆಯೇ ಹಿಡಿದಳು.

ಅಲ್ಲಿ ಕಚ್ಚು ಬಿದ್ದ ಹಲ್ಲಿರಲಿಲ್ಲ. ಕ್ಯಾಪೂ ಇರಲಿಲ್ಲ. ಗೂಟವಿತ್ತು.

ನನ್ನ ಅಂಗೈಯಲ್ಲಿದ್ದ ಅದೇ ಗೂಟ. ಆ ಸವೆದ ಹಲ್ಲು ಯಾವ ಚಿತ್ರದಲ್ಲೂ ಬಂದಿಲ್ಲ, ಯಾವ ಯಂತ್ರವೂ ಅದನ್ನು ನೋಡಿಲ್ಲ. ನೋಡಿದ್ದು ಒಬ್ಬ ಡಾಕ್ಟರು, ಒಬ್ಬ ಗಂಡ.

"ಬಿದ್ದಿದ್ದಲ್ಲ" ಎಂದರು ಮೇಷ್ಟ್ರು. "ಕಿತ್ತಿದಾಳೆ. ಅಂಚಲ್ಲಿ ಅಂಟು ಹಂಗೇ ಇದೆ ನೋಡಿ. ನಾನು ಬಾಯಿ ನೋಡ್ತೀನಿ ಅಂತ ಅವಳಿಗೆ ಗೊತ್ತು." ತುಸು ತಡೆದು, "ನಾನು ನೋಡ್ಲಿಲ್ಲ" ಎಂದರು.

ನಿನ್ನೆ ಮಧ್ಯಾಹ್ನದಿಂದ ಅವಳು ಬಾಯಿ ತೆರೆದು ಕಾಯುತ್ತಿದ್ದಾಳೆ. ಯಾರ ಕಣ್ಣೆದುರೋ ಯಂತ್ರದ ಮಾತನ್ನೇ ಆಡಿ, ಗಂಡನಿಗೆ ಮಾತ್ರ ತಿಳಿಯುವ ಗುರುತು ಬಿಟ್ಟಿದ್ದಾಳೆ. ಅವಳ ಬಳಿ ಜಗತ್ತಿಗೆ ತೆರೆದ ಕಿಂಡಿ ಇದೊಂದೇ. ಇನ್ನು ಮೂವತ್ತೆಂಟು ನಿಮಿಷಕ್ಕೆ ನಾವು ಅದನ್ನು ಮುಚ್ಚಿರುತ್ತೇವೆ. ಒಂದು ಸಾಕು ಎಂದವಳು ನಾನು. ಮಿಕ್ಕಿದ್ದೂ ನೋಡಬೇಕಾ ಎಂದು ಆ ಮನುಷ್ಯ ಕೇಳಿಯೇ ಕೇಳಿದ್ದ.

"ಹಿಂತೆಗೆದಿದ್ದನ್ನ ಹಿಂತೆಗೀರಿ ಆಂಟಿ!"

"ಆಗಲ್ಲ. ಎಂಬತ್ತನೇ ಹಾಳೆ."

ಮೇಷ್ಟ್ರಿಗೆ ಅವರ ಫೋನಿನಲ್ಲಿ ನನ್ನ ಪರದೆಯನ್ನೇ ಚಿತ್ರ ತೆಗೆದಿಟ್ಟುಕೊಳ್ಳಲು ಹೇಳಿದೆ. ತೆಗೆದರು. ತಂಗಿ ಇನ್‌ಸ್ಪೆಕ್ಟರಿಗೆ ಫೋನು ಹಚ್ಚಿದಳು; ಲೈನು ಬ್ಯುಸಿ. ಮತ್ತೆ ಹಚ್ಚಿದಳು.

ಆಗ ಪುಟದಲ್ಲಿ ಸೂಜಿ ಅಕ್ಕ ಎಂಬ ಹೆಸರಿನ ಪಕ್ಕ ಹಸಿರು ಚುಕ್ಕೆ ಕಾಣಿಸಿತು.

"ಒಳಗಿದಾಳೆ" ಎಂದಳು ತಂಗಿ. ಫೋನು ಕಿವಿಯಲ್ಲೇ ಇತ್ತು. "ಈಗ. ಈಗ ಒಳಗಿದಾಳೆ! ಬರೀರಿ, ಏನಾದ್ರೂ ಬರೀರಿ!"

ಅವರಿಬ್ಬರ ಖಾತೆ ಸ್ತಬ್ಧ. ಉಳಿದದ್ದು ನನ್ನದು. ಇಲ್ಲದ್ದು.

'ಸಂದೇಶ ಕಳಿಸಿ' ಎಂಬುದನ್ನು ಒತ್ತಿದೆ. ಖಾತೆ ತೆರೆಯಿರಿ ಎಂದಿತು. ಮುಖ ತೋರಿಸಿ ಎಂದಿತು, ತೋರಿಸಿದೆ. ಧ್ವನಿಗಾಗಿ ಈ ವಾಕ್ಯ ಓದಿ ಎಂದಿತು, ಓದಿದೆ. ನಿಮ್ಮ ಫೋನಿನಲ್ಲಿರುವ ಹೆಸರು, ಚಿತ್ರ, ಓಡಾಟ ಎಲ್ಲವನ್ನೂ ಬಳಸಲೇ ಎಂದಿತು. ಕೊನೆಗೆ ಆ ಎಂಬತ್ತನಾಲ್ಕು ಹಾಳೆ ಸಣ್ಣಕ್ಷರದಲ್ಲಿ ಮೇಲಿನಿಂದ ಕೆಳಕ್ಕೆ ಹರಿದು ಬಂದವು. ಜೊತೆಗೆ 'ಇಂದಿನಿಂದ ಬದಲಾದ ಷರತ್ತುಗಳು' ಎಂಬ, ನಾನು ಕಂಡಿರದ ಹನ್ನೆರಡು ಹಾಳೆ.

ನಾನು ಓದಲಿಲ್ಲ. ಒತ್ತಿದೆ.

ಧನ್ಯವಾದ ಎಂದು ಬಂತು.

"ಏನಂತ ಬರೀಲಿ? ನೀವೇ ಅಂತ ಅವರಿಗೆ ಗೊತ್ತಾಗ್ಬೇಕು, ಮಷೀನಿಗೆ ಗೊತ್ತಾಗ್ಬಾರ್ದು."

ಮೇಷ್ಟ್ರು ಯೋಚಿಸಲಿಲ್ಲ. "ಕ್ಯಾಪ್ ಎಲ್ಲಿ ಅಂತ ಕೇಳಿ."

ಕೇಳಿದೆ. ತಂಗಿ ನನ್ನ ಭುಜದ ಮೇಲೆ ಬಾಗಿದಳು. ಅವಳ ಉಸಿರು ಕಿವಿಗೆ ತಾಗುತ್ತಿತ್ತು.

ಉತ್ತರ ಕೂಡಲೇ ಬಂತು. 'ನಾನು ಚೆನ್ನಾಗಿದ್ದೀನಿ. ಸ್ವಲ್ಪ ದಿನ ವಿಶ್ರಾಂತಿ. ಯಾರೂ ಗಾಬರಿ ಆಗಬೇಡಿ.'

ಮೇಷ್ಟ್ರು ನಿಧಾನವಾಗಿ 'ಮಷೀನು' ಎಂದರು. ಸ್ಟೂಲಿನ ಮೇಲೆ ಕೂತರು. ಮೇಣದ ಚಾಕು ಕೈಗೆತ್ತಿಕೊಂಡರು. ಆ ಕೈ ನೋಡಿ ನನಗೆ ದುಃಖವಾಯಿತು. ದುಃಖವೆಂದರೆ ಇದೇ ಎಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಹಸಿರು ಚುಕ್ಕೆ ಹೋಗಿರಲಿಲ್ಲ. ಮೊದಲ ಸಾಲಿನ ಕೆಳಗೆ ಎರಡನೆಯದು ಮೂಡಿತು, ಅವಸರದಲ್ಲಿ ಬರೆದದ್ದು.

'ಸೂಜಿ ಡಬ್ಬೀಲಿದೆ. ರೀ, ನೀವು ನೋಡಿದ್ದು ತಂಗಿಗೆ ಹೇಳ್ಬೇಡಿ.'

ನಾನು ಫೋನನ್ನು ಮೇಜಿನ ಮೇಲೆ ಮಗುಚಿಟ್ಟೆ.

ಕಿವಿಗೆ ತಾಗುತ್ತಿದ್ದ ಉಸಿರು ನಿಂತಿತ್ತು. ಅವಳು ಓದಿಯಾಗಿತ್ತು. ಅವಳ ಕೈಯ ಫೋನಿನಲ್ಲಿ ಇನ್‌ಸ್ಪೆಕ್ಟರ ಧ್ವನಿ "ಹಲೋ, ಹಲೋ, ಯಾರು?" ಎನ್ನುತ್ತಿತ್ತು. ತಂಗಿ ನನ್ನನ್ನೇ ನೋಡುತ್ತ, ಹೆಬ್ಬೆರಳಿನಿಂದ ಆ ಕರೆಯನ್ನು ಕತ್ತರಿಸಿದಳು.